ಹುಣಸೆ ಬೀಜ ಕೊಟ್ಟುಹೋದ ತಾಯಿಗೆ

ಕುಷ್ಟಗಿ ತಾಲ್ಲೂಕಿನ ನಮ್ಮ ಶಾಲೆಯ ಪಡಸಾಲೆಯಲ್ಲಿ ಮಳೆಗೆಂದು ನಿಂತಿದ್ದ ತಾವು, ನಾನು ಭಾಗಾಕಾರದ ಶೇಷವನ್ನು ವಿವರಿಸಲಾಗದೆ ತಡವರಿಸುತ್ತಿರುವುದನ್ನು ಕಂಡು ಒಳಬಂದು, ಸೀಮೆಸುಣ್ಣದಿಂದ ಅಳಗುಳಿಮನೆಯ 14 ಗುಳಿಗಳನ್ನು ನೆಲದ ಮೇಲೆ ಬರೆದು, ಕೈಚೀಲದಿಂದ 73 ಹುಣಸೆ ಬೀಜಗಳನ್ನು ಎಣಿಸಿ ಮಕ್ಕಳ ಮುಂದಿಟ್ಟಿರಿ. ಮನೆಗೆ ಐದರಂತೆ ಹಂಚಿದ ಮೇಲೆ ಅಂಗೈಯಲ್ಲಿ ಮೂರು ಉಳಿದವು. ಅವನ್ನೂ ಹಂಚಿಬಿಡು ಎಂದು ತಾವು ಕೆಣಕಿದಾಗ, ಲೆಕ್ಕವೆಂದರೆ ತಲೆತಗ್ಗಿಸುತ್ತಿದ್ದ ಹುಡುಗಿಯೊಬ್ಬಳು, "ಮೂರು ಬೀಜ ಹದಿನಾಕ್ ಮನಿಗೆ ಸಾಲಂಗಿಲ್ಲಬೇ" ಎಂದಳು. ಶೇಷವು ಭಾಜಕಕ್ಕಿಂತ ಚಿಕ್ಕದಿರಬೇಕೆಂಬ ನಿಯಮವನ್ನು ನಾನು ಎರಡು ವಾರ ಹಲಗೆಯ ಮೇಲೆ ಬರೆದು ಅಳಿಸಿದ್ದೆ. ಅದು ಬೇರೆ ಮಾತು. ಹೆಸರು ಕೇಳುವಷ್ಟರಲ್ಲಿ ಬಸ್ಸು ಬಂದಿತು, ತಾವು ಬೀಜಗಳನ್ನು ಬಿಟ್ಟೇ ಹೊರಟಿರಿ. ಅವು ಈಗ ತರಗತಿಯ ಡಬ್ಬಿಯಲ್ಲಿವೆ. ತಮಗೆ ನನ್ನ ಮತ್ತು ಮಕ್ಕಳೆಲ್ಲರ ಹೃತ್ಪೂರ್ವಕ ಧನ್ಯವಾದಗಳು.