ಯಾವ ತಿಮ್ಮಯ್ಯ?

ಚಿ. ಶ್ರೀಧರನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನೀನು ಕಳಿಸಿದ ವಂಶವೃಕ್ಷ ನೋಡಿದೆ. ಖುಷಿಯಾಯಿತು, ಸ್ವಲ್ಪ ನಗುವೂ ಬಂತು. ನಿನ್ನ ಲೆಕ್ಕದಲ್ಲಿ ನಮ್ಮ ತಿಮ್ಮಯ್ಯನವರು 112 ವರ್ಷ ಬದುಕಿದ್ದಾರೆ. ತೊಂಬತ್ತು ದಾಟಿದ ಮೇಲೆ ಗದ್ದೆ ಬೇರೆ ಕೊಂಡಿದ್ದಾರೆ! ಅವರು ಒಬ್ಬರಲ್ಲ ಕಣೋ, ಇಬ್ಬರು. ಅಜ್ಜ ಮತ್ತು ಮೊಮ್ಮಗ. ಬೇಜಾರು ಮಾಡ್ಕೋಬೇಡ. ಮೂವತ್ತು ವರ್ಷದ ಹಿಂದೆ ನಾನೂ ಇದೇ ತಪ್ಪು ಮಾಡಿ, ಅದನ್ನು ಚೆಂದವಾಗಿ ಬರೆಸಿ, ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದ್ದೆ.

ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲಿ ಹಳೆಯ ರೂಢಿ. ಹೊಯ್ಸಳರನ್ನೇ ನೋಡು. ಒಂದನೇ ನರಸಿಂಹನ ಮಗ ವೀರಬಲ್ಲಾಳ, ಅವನ ಮಗ ಇಮ್ಮಡಿ ನರಸಿಂಹ, ಅವನ ಮಗ ಸೋಮೇಶ್ವರ, ಅವನ ಮಗ ಮುಮ್ಮಡಿ ನರಸಿಂಹ. ರಾಜರಾದ್ದರಿಂದ ಇಮ್ಮಡಿ, ಮುಮ್ಮಡಿ ಅಂತ ಗುರುತು ಸಿಕ್ಕಿತು. ಶಾನುಭೋಗರ ಲೆಕ್ಕದಲ್ಲಿ ರೈತನಿಗೆ ಅದನ್ನೆಲ್ಲ ಯಾರು ಬರೀತಿದ್ದರು?

ಕಾಗದದಲ್ಲಿ 'ಬಿನ್', ಅಂದರೆ ಇಂಥವರ ಮಗ ಅಂತ ಇರುವುದನ್ನು ನೋಡಿದರೆ ಸಾಕು ಅಂದುಕೊಂಡಿದ್ದೀಯ. ನಾನೂ ಜಾರಿದ್ದು ಅಲ್ಲೇ. ರಾಮಯ್ಯ, ತಿಮ್ಮಯ್ಯ, ರಾಮಯ್ಯ, ತಿಮ್ಮಯ್ಯ ಎಂದು ಸಾಲಾಗಿ ಬಂದರೆ ಅಜ್ಜನೂ 'ತಿಮ್ಮಯ್ಯ ಬಿನ್ ರಾಮಯ್ಯ', ಮೊಮ್ಮಗನೂ 'ತಿಮ್ಮಯ್ಯ ಬಿನ್ ರಾಮಯ್ಯ'. ನನಗೆ ದಾರಿ ತೋರಿಸಿದ್ದು ಮನೆಯ ಹೆಂಗಸರು. ಒಂದು ಪತ್ರದಲ್ಲಿ 'ಗೌರಮ್ಮ ಕೋಂ ತಿಮ್ಮಯ್ಯ' (ಕೋಂ ಅಂದರೆ ಇಂಥವರ ಹೆಂಡತಿ) ಅಂತಿತ್ತು, ಇನ್ನೊಂದರಲ್ಲಿ 'ಸಾವಿತ್ರಮ್ಮ ಕೋಂ ತಿಮ್ಮಯ್ಯ'. ಮೊದಲು ನಾನು ಎರಡು ಮದುವೆ ಅಂದುಕೊಂಡುಬಿಟ್ಟೆ, ಪಾಪ! ಆಮೇಲೆ ಪುರೋಹಿತರ ಹತ್ತಿರ ಶ್ರಾದ್ಧದ ತಿಥಿ ಕೇಳಿದೆ. ಒಬ್ಬರದು ಪುಷ್ಯ ಬಹುಳ ದಶಮಿ, ಇನ್ನೊಬ್ಬರದು ಶ್ರಾವಣ ಬಹುಳ ತದಿಗೆ. ಒಬ್ಬ ಮನುಷ್ಯ ಎರಡು ಸಲ ಸಾಯೋಕೆ ಆಗುತ್ತಾ?

ಇನ್ನೊಂದು ಹಳ್ಳ ಇದೆ, ಅದು ಇದಕ್ಕಿಂತ ಆಳ. ಹಳೆಯ ಕಾಗದಗಳಲ್ಲಿ ಎಷ್ಟೋ ಸಲ ಇಸವಿಯೇ ಇರುವುದಿಲ್ಲ, ಸಂವತ್ಸರ ಮಾತ್ರ ಇರುತ್ತದೆ. ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ರಭವ 1867ರ ಯುಗಾದಿಗೂ ಬಂತು, 1927ಕ್ಕೂ ಬಂತು, 1987ಕ್ಕೂ ಬಂತು. ಅಜ್ಜನಿಗೂ ಮೊಮ್ಮಗನಿಗೂ ಹೆಚ್ಚುಕಡಿಮೆ ಅಷ್ಟೇ ಅಂತರ, ಅಲ್ವಾ? ಅಂದರೆ ಹೆಸರೂ ಅದೇ, ಅಪ್ಪನ ಹೆಸರೂ ಅದೇ, ವರ್ಷದ ಹೆಸರೂ ಅದೇ! ಶಾಲಿವಾಹನ ಶಕ ಬರೆದಿದ್ದರೆ ನಿನ್ನ ಪುಣ್ಯ. 78 ಕೂಡಿಸು, ಮಾಘ ಅಥವಾ ಫಾಲ್ಗುಣವಾದರೆ 79, ಪುಷ್ಯದಲ್ಲೂ ಜನವರಿ ಬಂದಿದ್ದರೆ 79. ಶಕ ಇಲ್ಲದಿದ್ದರೆ ತಿಥಿಯ ಜೊತೆ ವಾರ ಇದೆಯಾ ನೋಡು. ಅದೇ ತಿಥಿ 60 ವರ್ಷದ ಆಚೆಯೂ ಅದೇ ವಾರಕ್ಕೆ ಬೀಳುವುದು ಅಪರೂಪ. ಹಳೆಯ ಪಂಚಾಂಗದಲ್ಲಿ ತಾಳೆ ನೋಡಿದರೆ ಗೊತ್ತಾಗುತ್ತದೆ.

ಸರ್ವೆ ನಂಬರನ್ನೂ ಬರೆದುಕೊ. ಹಿಸ್ಸೆ ಆಗದ, ಅಂದರೆ ತುಂಡಾಗದ ನಂಬರಾದರೆ ಅದು ಪಾಲಾಗುವುದಕ್ಕೆ ಮುಂಚಿನ ಕಾಗದ ಇರಬಹುದು. ದತ್ತು ಹೋದವರ 'ಬಿನ್' ಬದಲಾಗಿರುತ್ತದೆ, ಅದೂ ನೆನಪಿರಲಿ.

ನನ್ನ ಮಾತು ಕೇಳುವುದಾದರೆ, ಕಂಪ್ಯೂಟರಿನಲ್ಲಿರುವ ತಿಮ್ಮಯ್ಯನನ್ನು ಮೊದಲು ಒಡೆದುಬಿಡು. ಒಂದೊಂದು ಕಾಗದಕ್ಕೂ ಒಬ್ಬೊಬ್ಬ ತಿಮ್ಮಯ್ಯ ಅಂತ ಇಟ್ಟುಕೊ, ಹತ್ತು ಜನರಾದರೂ ಪರವಾಗಿಲ್ಲ. ಹೆಂಡತಿ, ಜಮೀನು, ತಿಥಿ, ಇವುಗಳಲ್ಲಿ ಎರಡಾದರೂ ಹೊಂದಿದರೆ ಮಾತ್ರ ಸೇರಿಸು. ಸುಮ್ನೆ ಹೆಸರು ನೋಡಿ ಸೇರಿಸಿದ್ದನ್ನು ಬಿಡಿಸುವುದು ಬಹಳ ಕಷ್ಟ.

ಊರಿನ ದೊಡ್ಡತ್ತೆಗೆ ಈ ವಾರವೇ ಫೋನ್ ಮಾಡು. ಮಾವನ ಹೆಸರನ್ನು ಸೊಸೆಯರು ಬಾಯಲ್ಲಿ ಹೇಳುತ್ತಿರಲಿಲ್ಲವಲ್ಲ, ಹಾಗಾಗಿ ಮೊಮ್ಮಗ ತಿಮ್ಮಯ್ಯನನ್ನು ಮನೆಯಲ್ಲಿ ಬೇರೇನೋ ಕರೆಯುತ್ತಿದ್ದರು. ಅದು ಅವರೊಬ್ಬರಿಗೇ ನೆನಪಿರುವುದು. 'ಉರುಫ್' (ಇನ್ನೊಂದು ಹೆಸರು) ಅಂತ ಯಾವುದಾದರೂ ಪತ್ರದಲ್ಲಿ ಅದೇ ಹೆಸರು ಸಿಕ್ಕೀತು.

ಬಚ್ಚಲಲ್ಲಿರುವ ತಾಮ್ರದ ಹಂಡೆಯ ಕಂಠದ ಮೇಲೂ ತಿಮ್ಮಯ್ಯ ಅಂತ ಕೊರೆದಿದೆ. ಪಕ್ಕದಲ್ಲಿ ಇನ್ನೂ ಏನೋ ಅಕ್ಷರ ಇವೆ, ಮಸಿ ಕಟ್ಟಿ ಕಾಣುತ್ತಿಲ್ಲ. ದಸರಾ ರಜಕ್ಕೆ ಬಾ, ಹುಣಸೆಹಣ್ಣು ಹಾಕಿ ಇಬ್ಬರೂ ತಿಕ್ಕೋಣ.

ಇತಿ,
ನಿನ್ನ ದೊಡ್ಡಪ್ಪ