ಗೇಜ್ ಬಿಟ್ಟುಹೋದ ಜೀಪಿನ ಅಣ್ಣನಿಗೆ

ಭಾನುವಾರ ಸಂಜೆ ಹೆತ್ತೂರು ಕಡೆಯ ನಮ್ಮ ಕಾಫಿ ತೋಟದ ಏರಿನಲ್ಲಿ ಜೀಪು ನಿಲ್ಲಿಸಿ ಇಳಿದು ಬಂದಿರಲ್ಲ ಅಣ್ಣ, ಗಡಿಬಿಡಿಯಲ್ಲಿ ನಿಮ್ಮ ಹೆಸರನ್ನೂ ಕೇಳಲಿಲ್ಲ.

ನನ್ನ ಎಟಿವಿಗೆ, ಅಂದರೆ ಗುಡ್ಡಗಾಡಿನಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕಿಗೆ, ಎಲ್ಲ ಥರದ ನೆಲಕ್ಕೂ ಆಗುವ ಹೊಸ ಆಲ್‌ಟೆರೇನ್ ಟೈರ್ ಹಾಕಿಸಿ ಅವತ್ತೇ ಮೊದಲ ಸಲ ಹತ್ತಿಸಿದ್ದು. ಮಳೆ ಆಗಷ್ಟೇ ಬಿಟ್ಟಿತ್ತು. ಕೆಂಪು ಜಾರುಮಣ್ಣಿನಲ್ಲಿ ಚಕ್ರ ಗಿರಗಿರ ಸುತ್ತುತ್ತಿತ್ತು, ಗಾಡಿ ಮಾತ್ರ ಚರಂಡಿಯತ್ತ ಜಾರುತ್ತಿತ್ತು. ದುಡ್ಡು ದಂಡವಾಯಿತು ಅಂತ ಹೊಟ್ಟೆ ಉರಿಯುತ್ತಿತ್ತು ನನಗೆ.

ನೀವು ಟೈರನ್ನು ಹೆಬ್ಬೆರಳಿನಿಂದ ಒತ್ತಿ, "ಕಲ್ಲಾಗಿದೆಯಲ್ರೀ, ಗಾಳಿ ಎಷ್ಟು ಹೊಡ್ಸಿದ್ರಿ?" ಅಂದಿರಿ. ಬಂಕಿನಲ್ಲಿ ಕಾರಿನ ಲೆಕ್ಕದಲ್ಲೇ 30 ಪಿಎಸ್‌ಐ ಹೊಡೆಸಿದ್ದೆ. ಗಾಡಿಗೆ ಅಂಟಿಸಿದ್ದ ಸ್ಟಿಕ್ಕರಿನ ಕೆಸರನ್ನು ಅಂಗೈಯಲ್ಲೇ ಒರೆಸಿ ತೋರಿಸಿದಿರಿ: ಬೇಕಿದ್ದದ್ದು ಬರೀ 5! ಕಡ್ಡಿಯಿಂದ ವಾಲ್ವ್ ಒತ್ತಿ ನಾಲ್ಕೂ ಟೈರಿನ ಗಾಳಿ ಇಳಿಸಿದಿರಿ. ನಿಮ್ಮ ಸಾಹುಕಾರರ ಎಟಿವಿಗೆಂದು ಇಟ್ಟುಕೊಂಡಿದ್ದ, ಗಾಳಿಯ ಒತ್ತಡ ಅಳೆಯುವ ಪುಟ್ಟ ಗೇಜಿನಲ್ಲಿ ಮತ್ತೆ ಮತ್ತೆ ಅಳೆದಿರಿ. ಟೈರಿನ ಹೊಟ್ಟೆ ಅಗಲವಾಗಿ ನೆಲಕ್ಕೆ ಒರಗಿತು, ಹಲ್ಲುಗಳು ಮಣ್ಣು ಕಚ್ಚಿದವು, ಗಾಡಿ ಸಲೀಸಾಗಿ ಏರು ಹತ್ತಿತು.

ಹಿಂದಿನ ಎಡ ಟೈರಿನ ಮೇಲೆ ಅದು ತಿರುಗಬೇಕಾದ ದಿಕ್ಕು ತೋರಿಸುವ ಬಾಣದ ಗುರುತು ಉಲ್ಟಾ ಇದೆ ಅಂದಿದ್ದಿರಿ. ನಿಜವೇ ಆಗಿತ್ತು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಬಿಟ್ಟಿದ್ದರು. ಸೋಮವಾರವೇ ಬದಲಾಯಿಸಿದೆ.

ಕತ್ತಲಾಗುತ್ತಿದ್ದರೂ, ಜೀಪಿನಲ್ಲಿ ಆಳುಗಳು ಕಾಯುತ್ತಿದ್ದರೂ, ಅರ್ಧ ಗಂಟೆ ಮಂಡಿಯೂರಿ ಕೂತಿರಿ. ತುಂಬಾ ಉಪಕಾರವಾಯಿತು ಅಣ್ಣ. ನಿಮ್ಮ ಗೇಜು ನನ್ನ ಹತ್ತಿರವೇ ಉಳಿದಿದೆ, ಒರೆಸಿ ಜೋಪಾನವಾಗಿ ಇಟ್ಟಿದ್ದೇನೆ. ಈ ಕಡೆ ಬಂದಾಗ ಮನೆಗೇ ಬನ್ನಿ, ಕಾಫಿ ಕುಡಿದು ತೆಗೆದುಕೊಂಡು ಹೋಗುವಿರಂತೆ.