ಗಣಿ ಹಣದಲ್ಲಿ ನಮಗೊಂದು ಆಲೆಮನೆ ಕೊಡಿ

ಮಾನ್ಯ ಮಂಡ್ಯ ಜಿಲ್ಲಾಧಿಕಾರಿಗಳೇ,

ನಾನು ಪಾಂಡವಪುರ ತಾಲ್ಲೂಕಿನವನು. ಎರಡು ಹಸು, ಒಂದಿಷ್ಟು ಕಬ್ಬು. ಬೇಬಿಬೆಟ್ಟದ ಕಡೆ ಕಲ್ಲು ಪುಡಿ ಮಾಡುವ ಕ್ರಷರ್ ಓಡುತ್ತಿದ್ದಾಗ ದೂಳು ಕೂತ ಹುಲ್ಲನ್ನು ಒದರಿ, ತೊಟ್ಟಿ ನೀರಿನಲ್ಲಿ ಅದ್ದಿ ಹಾಕಬೇಕಿತ್ತು. ಹಾಗೇ ಹಾಕಿದರೆ ಹಸು ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು.

2024ರ ಜನವರಿಯಲ್ಲಿ ಹೈಕೋರ್ಟ್, ಅಣೆಕಟ್ಟೆಯ ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ ಕೆಆರ್‌ಎಸ್ ಸುತ್ತ 20 ಕಿ.ಮೀ. ಗಣಿಗಾರಿಕೆ ಬೇಡವೆಂದಿತು. ಕಟ್ಟೆ ಉಳಿಯಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟಿಪ್ಪರ್ ಓಡಿಸುತ್ತಿದ್ದ ನಮ್ಮ ಬೀದಿಯ ಹುಡುಗರು ಬೆಂಗಳೂರು ಬಸ್ ಹತ್ತಿದರು. ಇಷ್ಟು ವರ್ಷ ಕಲ್ಲು ಸಾಗಿಸಿದ್ದಕ್ಕೆ ಊರಿಗೆ ಉಳಿದ ಕಸುಬು ಯಾವುದು ಅಂದರೆ, ತೋರಿಸಲು ನೀರು ನಿಂತ ಗುಂಡಿ ಇದೆ.

ಇಂಥ ಊರುಗಳಿಗೆಂದೇ 2015ರ ಗಣಿ ಕಾಯ್ದೆ ತಿದ್ದುಪಡಿಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು; ಗಣಿಯವರು ಕಟ್ಟುವ ಹಣವನ್ನು ಗಣಿಯಿಂದ ಬಾಧೆಪಟ್ಟ ಊರಿಗೆ ಖರ್ಚು ಮಾಡುವ ನಿಧಿ ಅದು. 2024ರ ಮಾರ್ಗಸೂಚಿಯ ಪ್ರಕಾರ ಕನಿಷ್ಠ ಶೇ 70ರಷ್ಟು ಹಣ ನೀರು, ಆರೋಗ್ಯ, ಜೀವನೋಪಾಯದಂಥ ಆದ್ಯತೆಯ ಬಾಬತ್ತಿಗೆ ಹೋಗಬೇಕು. ನಮ್ಮ ಕಣ್ಣಿಗೆ ಬೀಳುವುದು ಮಾತ್ರ ಸಿಮೆಂಟು ಕೆಲಸ. ಆ ಹಣದಲ್ಲಿ ಒಂದು ಪಾಲನ್ನು ಊರೇ ಮಾಲೀಕನಾಗುವ ಆಲೆಮನೆಗೆ ಷೇರು ಬಂಡವಾಳವಾಗಿ ಹಾಕಿ.

ಆಲೆಮನೆಯೇ ಯಾಕೆ? 'ಒಂದು ಜಿಲ್ಲೆ ಒಂದು ಉತ್ಪನ್ನ' ಯೋಜನೆಯಲ್ಲಿ ಮಂಡ್ಯದ ಪಾಲಿಗೆ ಬಂದದ್ದೇ ಬೆಲ್ಲ. ಕಬ್ಬು ನಮ್ಮದು, ಬೆಲ್ಲ ಕಾಯಿಸುವವನೂ ನಮ್ಮವನು, ದರ ಮಾತ್ರ ಮಂಡಿಯವರದು. ಸಕ್ಕರೆ ಬೆರೆಸಿದ ಹೊಳೆಯುವ ಅಚ್ಚಿನ ಪಕ್ಕದಲ್ಲಿಟ್ಟರೆ ನಮ್ಮ ಅಸಲಿ ಬೆಲ್ಲ ಕಪ್ಪಗೆ, ಬಡವನ ಹಾಗೆ ಕಾಣುತ್ತದೆ. ಕೆಲವು ಕಡೆ ಕೊಪ್ಪರಿಗೆಯ ಕೆಳಗೆ ಹಳೇ ಟೈರು ಉರಿಯುವುದನ್ನೂ ನೋಡಿದ್ದೇನೆ, ನಮ್ಮವರದೂ ತಪ್ಪಿದೆ. ಊರ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯನ್ನೇ ಉರಿಸಿ, ಪ್ಯಾಕ್ ಮಾಡಿ, ನಮ್ಮ ಚೀಟಿ ಅಂಟಿಸಿ ಮಾರಬಹುದು.

ಇದೇನು ಹೊಸದಲ್ಲ. ಇಂಡೊನೇಷ್ಯಾದಲ್ಲಿ 2014ರ ಗ್ರಾಮ ಕಾಯ್ದೆಯ ಅಡಿ ಹಳ್ಳಿಗಳೇ ಉದ್ದಿಮೆ ನಡೆಸುತ್ತಿವೆ. ಪೊಂಗ್ಗೊಕ್ ಎಂಬ ಹಳ್ಳಿ ತನ್ನ ಕೊಳಕ್ಕೆ ಪ್ರವಾಸಿಗರನ್ನು ಕರೆದು ಸಂಪಾದಿಸುತ್ತದೆ. ಅಷ್ಟು ದೂರ ಯಾಕೆ, ನಮ್ಮ ಗದಗದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ್ದರು. ನಮ್ಮೂರ ಡೇರಿಯಲ್ಲಿ ಅರ್ಧ ಲೀಟರ್ ಹಾಕುವ ಅಜ್ಜಿಯೂ ಹಾಲಿನ ಗುಣಮಟ್ಟದ ಡಿಗ್ರಿ ಎಷ್ಟು ಬಂತು ಅಂತ ಕೇಳಿಯೇ ಹೋಗುತ್ತಾಳೆ, ಬಟವಾಡೆ ದಿನ ಲೆಕ್ಕ ಎಣಿಸಿಕೊಳ್ಳುತ್ತಾಳೆ.

ನನಗಿರುವ ಭಯ ಒಂದೇ: ಊರಿನದು ಅಂತ ಶುರುವಾಗಿ ಅಧ್ಯಕ್ಷರ ಭಾವಮೈದುನನದು ಆಗಬಾರದು. ತಿಂಗಳ ಜಮಾ-ಖರ್ಚು ಪಂಚಾಯ್ತಿ ಗೋಡೆಗೆ ಅಂಟಲಿ. ಗ್ರಾಮಸಭೆ ಒಪ್ಪದೆ ಒಂದು ರೂಪಾಯಿಯೂ ಹೊರಡದಿರಲಿ. ಸ್ತ್ರೀಶಕ್ತಿ ಸಂಘದವರಿಗೂ, ಕೆಲಸ ಕಳೆದುಕೊಂಡ ಕ್ರಷರ್ ಕೂಲಿಗಳಿಗೂ ಷೇರು ಇರಲಿ.

ಪ್ರತಿಷ್ಠಾನದ ಮುಂದಿನ ಕ್ರಿಯಾಯೋಜನೆಗೆ ಸಹಿ ಹಾಕುವ ಮೊದಲು ಒಮ್ಮೆ ನಮ್ಮ ಗ್ರಾಮಸಭೆಗೆ ಬನ್ನಿ. ಜಾಗ ನಾವೇ ತೋರಿಸುತ್ತೇವೆ.

ಇತಿ,
ಪಾಂಡವಪುರ ತಾಲ್ಲೂಕಿನ ಒಬ್ಬ ರೈತ